ಎಲ್ಲರಿಗೂ ಗೊತ್ತಿದ್ದ ನಂಬರು

ಬುಪ್ಯೊಂಗ್, ಇಂಚಿಯೋನ್
ಮಾರ್ಚ್ 6, 2024

ಸೊಸೆ ಹೇರಿಮ್‌ಗೆ,

ಈ ಕಾಲದಲ್ಲಿ ಅತ್ತೆಯಿಂದ ಅಂಚೆಯಲ್ಲಿ ಕಾಗದ ಬಂದಿದೆಯೆಂದರೆ ಯಾರೋ ಸತ್ತಿರಬೇಕು ಎಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನಿನ್ನೆ ನಿನ್ನ ಮನೆ ಬಾಗಿಲಲ್ಲಿ ನನ್ನ ಮಾನ ಹೋಯಿತು, ಅಷ್ಟೇ.

ನಿನ್ನೆ ಮಂಗಳವಾರ, ಎಂದಿನಂತೆ ಕೋಸಿನ ಕಿಮ್ಚಿ ಉಪ್ಪಿನಕಾಯಿಯ ಡಬ್ಬ ಹೊತ್ತುಕೊಂಡು ಎರಡು ರೈಲು ಬದಲಿಸಿ ಸುವೊನ್‌ಗೆ ಬಂದೆ. ಹನ್ನೆರಡನೇ ಮಹಡಿ ಹತ್ತಿ ಬಾಗಿಲ ಬೀಗದ ನಂಬರ್ ಒತ್ತಿದೆ. ಒಂದು ಒಂದು ಸೊನ್ನೆ ಏಳು. ನಿನ್ನ ಮಾವ ತೀರಿಕೊಂಡ ದಿನ, ನವೆಂಬರ್ ಏಳು. ನೀವು ಆ ಮನೆಗೆ ಹೋದ ದಿನ ನಾನೇ ಹೇಳಿ ಇಡಿಸಿದ ನಂಬರು. ಹೀಗಾದರೂ ಅವರ ತಿಥಿ ಮಕ್ಕಳಿಗೆ ಮರೆಯದಿರಲಿ ಎಂದು. ಬಾಗಿಲು ಕೀಂ ಎಂದಿತು. ಬೆರಳು ತಪ್ಪಿರಬೇಕೆಂದು ಕನ್ನಡಕ ಹಾಕಿಕೊಂಡು ಮತ್ತೆ ಒತ್ತಿದೆ. ಮೂರನೇ ಸಲಕ್ಕೆ ಆ ಯಂತ್ರ ಊರೆಲ್ಲ ಕೇಳುವ ಹಾಗೆ ಬಾಯಿ ಬಡಿದುಕೊಳ್ಳತೊಡಗಿತು.

ಎದುರು ಮನೆಯಾಕೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಯಾರಜ್ಜಿ ನೀವು? ಯಾರ ಮನೆ ಬೇಕಿತ್ತು?"

"ನನ್ ಮಗನ ಮನೆ ಕಣಮ್ಮ."

"ಮಗನ ಮನೆ ಅಂದ್ಮೇಲೆ ನಂಬರ್ ಗೊತ್ತಿರ್ಬೇಕಲ್ವಾ?"

ಕಾವಲುಗಾರ ಬಂದು ನನ್ನ ಹೆಸರು, ಊರು, ಫೋನ್ ನಂಬರ್ ಎಲ್ಲ ಬರೆದುಕೊಂಡ. ಡಬ್ಬವನ್ನು ಅವನ ಕೋಣೆಯಲ್ಲೇ ಇಟ್ಟು ಬಂದಿದ್ದೇನೆ. ಹುಳಿ ಬರುವ ಮೊದಲು ತೆಗೆದುಕೋ.

ಫೋನ್ ಮಾಡಿದರೆ ನಾನು ಕಿರುಚುತ್ತೇನೆ, ಇಲ್ಲವೇ ಅಳುತ್ತೇನೆ. ಫೋನಿನಲ್ಲಿ ಮನೆಯವರ ಗುಂಪಿಗೆ ಬರೆಯೋಣವೆಂದರೆ ಡೇಜೊನ್‌ನಲ್ಲಿರುವ ನನ್ನ ನಾದಿನಿ ಕಾಯುತ್ತಾ ಕೂತಿರುತ್ತಾಳೆ. ನಿನಗೊಬ್ಬಳಿಗೇ ಕಳಿಸಿದರೆ ಇನ್ನೊಂದು ಪೀಡೆ, ನೀನು ಓದಿದ ಕೂಡಲೇ ಸಂದೇಶದ ಪಕ್ಕದಲ್ಲಿ 'ಇನ್ನೂ ಓದಿಲ್ಲ' ಎಂದು ತೋರಿಸುವ ಆ 1 ಮಾಯವಾಗುತ್ತದೆ. ಓದಿಯೂ ಸುಮ್ಮನಿದ್ದಾಳೆ ಎಂದು ನಾನು ಗೋಡೆ ನೋಡುತ್ತಾ ಕೂರಬೇಕು. ಕಾಗದಕ್ಕೆ ಆ ರೋಗವಿಲ್ಲ.

ಒಂದೇ ಮಾತು ಕೇಳುತ್ತೇನೆ. ಬೀಗದ ಬ್ಯಾಟರಿ ಹೋಗಿತ್ತೋ, ನಂಬರ್ ಬದಲಾಗಿದೆಯೋ? ಬ್ಯಾಟರಿ ಅಂದರೆ ನಂಬುತ್ತೇನೆ. ನಂಬಲು ತಯಾರಾಗಿಯೇ ಕೂತಿದ್ದೇನೆ.

ನಿನ್ನ ಅತ್ತೆ,
ನಾಮ್ ಬೊಂಗ್‌ಸುನ್

*

ಸುವೊನ್
ಮಾರ್ಚ್ 14

ಅತ್ತೆಯವರಿಗೆ ನಮಸ್ಕಾರಗಳು.

ಪೆನ್ನು ಹಿಡಿದು ಎಷ್ಟೋ ವರ್ಷವಾಯಿತು, ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ. ಬ್ಯಾಟರಿ ಸರಿಯಾಗಿಯೇ ಇದೆ. ಮಾರ್ಚ್ ಒಂದರಂದು ನಂಬರ್ ಬದಲಾಯಿಸಿದವಳು ನಾನೇ.

ಮುಚ್ಚಿಡುವುದಿಲ್ಲ, ಇನ್ನೊಂದೂ ಹೇಳುತ್ತೇನೆ. ತಪ್ಪು ನಂಬರ್ ಮೂರು ಸಲ ಒತ್ತಿದರೆ ಆ ಬೀಗ ಹೊರಗೆ ನಿಂತವರ ಫೋಟೋ ತೆಗೆದು ನನ್ನ ಫೋನಿಗೆ ಕಳಿಸುತ್ತದೆ. ಅಂದು ನಾನು ವಾರ್ಡಿನಲ್ಲಿದ್ದೆ. ನಿಮ್ಮ ಮುಖ ನೋಡಿದೆ. ಫೋನ್ ಜೇಬಿಗೆ ಹಾಕಿಕೊಂಡು ಮುಂದಿನ ರೋಗಿಯ ಹತ್ತಿರ ಹೋದೆ. ಕರೆ ಮಾಡಬಹುದಿತ್ತು. ಮಾಡಲಿಲ್ಲ.

ಯಾಕೆಂದರೆ ನನಗೆ ಸಾಕಾಗಿತ್ತು. ಬಾಗಿಲು ತೆರೆದಾಗಲೆಲ್ಲ ದಿನ, ಗಂಟೆ, ನಿಮಿಷ ಫೋನಿನಲ್ಲಿ ದಾಖಲಾಗುತ್ತದೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ, ಫೆಬ್ರವರಿ ತಿಂಗಳಲ್ಲಿ ಹನ್ನೊಂದು ಸಲ ಬಾಗಿಲು ತೆರೆದಿದೆ. ಹೆಚ್ಚುಕಡಿಮೆ ಎಲ್ಲವೂ ಬೆಳಗ್ಗೆ ಹನ್ನೊಂದರ ಸುಮಾರಿಗೆ. ಕುಕ್ಕರಿನಲ್ಲಿದ್ದ ಅನ್ನ ಖಾಲಿ. ನಾನು ನಾಲ್ಕು ಮಡಿಕೆ ಹಾಕಿಟ್ಟ ಹೊದಿಕೆ ಮೂರು ಮಡಿಕೆಯಾಗಿದೆ. ನನ್ನ ದಿಂಬಿನಲ್ಲಿ ತಲೆಯಿಟ್ಟ ತಗ್ಗು. ಅತ್ತೆ, ಅದು ನನ್ನ ಮಲಗುವ ಕೋಣೆ.

ನಿಮಗೆ ಈ ಯಂತ್ರಗಳೆಂದರೆ ಆಗುವುದಿಲ್ಲ. ನೂಡಲ್ಸ್ ಅಂಗಡಿಯಲ್ಲಿ ಪರದೆ ಮುಟ್ಟಿ ಆರ್ಡರ್ ಮಾಡು ಎಂದದ್ದಕ್ಕೆ ಉಪವಾಸ ಎದ್ದು ಬಂದವರು ನೀವು. ನನಗೆ ಅವೇ ಕೈಕಾಲು. ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಡಯಾಲಿಸಿಸ್ ವಾರ್ಡಿನಲ್ಲಿ ಹತ್ತು ಗಂಟೆ ನಿಂತೇ ಇರುತ್ತೇನೆ. ತರಕಾರಿ ಬೆಳಕು ಹರಿಯುವುದರೊಳಗೆ ಬಾಗಿಲಿಗೆ ಬರುತ್ತದೆ, ನೆಲವನ್ನು ಯಂತ್ರ ಗುಡಿಸುತ್ತದೆ, ಬಟ್ಟೆ ಯಂತ್ರದಲ್ಲೇ ಒಣಗುತ್ತದೆ. ಇವುಗಳಲ್ಲಿ ಒಂದೂ "ಮದ್ವೆಯಾಗಿ ಆರ್ ವರ್ಷ ಆಯ್ತು, ಇನ್ನೂ ಏನೂ ಇಲ್ವಾ?" ಎಂದು ಕೇಳುವುದಿಲ್ಲ.

ನೀವು ಬನ್ನಿ. ನಾನು ಇರುವಾಗ ಬನ್ನಿ. ಇಲ್ಲದಿರುವಾಗ ಬೇಡ.

ಕಿಮ್ಚಿ ಚೆನ್ನಾಗಿತ್ತು.

ತಮ್ಮ ಸೊಸೆ,
ತಾಕ್ ಹೇರಿಮ್

*

ಬುಪ್ಯೊಂಗ್
ಮಾರ್ಚ್ 19

ಹೇರಿಮ್,

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಯಾವಾಗ ಬಂತೋ, ಯಾವಾಗ ಹೋಯಿತೋ, ನನಗಂತೂ ಗೊತ್ತಾಗಲಿಲ್ಲ.

ಫೋಟೋ ವಿಷಯ ಹೇಳಿದ್ದು ಒಳ್ಳೆಯದಾಯಿತು. ಎರಡು ದಿನ ಊಟ ಸೇರಲಿಲ್ಲ. ಆದರೆ ಅದು ನಿಜ, ನಿಜಕ್ಕೆ ನಾನು ಜಗಳ ಮಾಡುವುದಿಲ್ಲ. ಮಗುವಿನ ವಿಷಯ ಕೇಳಿದ್ದೂ ತಪ್ಪೇ, ಇನ್ನು ಕೇಳುವುದಿಲ್ಲ. ಸುಳ್ಳಿಗೆ ಮಾತ್ರ ತಲೆ ಕೊಡಲಾರೆ. ಫೆಬ್ರವರಿಯಲ್ಲಿ ನಾನು ಬಂದದ್ದು ಎರಡೇ ಸಲ. ಆರನೇ ತಾರೀಕು, ಇಪ್ಪತ್ತನೇ ತಾರೀಕು. ಎರಡೂ ಮಂಗಳವಾರ. ಡಬ್ಬ ಇಟ್ಟೆ, ಖಾಲಿ ಡಬ್ಬ ತಗೊಂಡೆ, ಹೊರಟೆ. ಚಪ್ಪಲಿ ಬಿಟ್ಟದ್ದೇ ಹತ್ತು ನಿಮಿಷ.

ನಾನು ಮೂವತ್ತೊಂದು ವರ್ಷ ಲಾಂಡ್ರಿ ನಡೆಸಿದವಳು. ಈ ಮಾರುಕಟ್ಟೆಯ ಅರ್ಧ ಜನರ ಜೇಬಿಗೆ ಕೈ ಹಾಕಿದ್ದೇನೆ. ಸಿಕ್ಕ ಚೀಟಿಯನ್ನು ಮಡಿಕೆ ಬಿಚ್ಚದೆ ಕವರಿಗೆ ಹಾಕಿ ವಾಪಸ್ ಕೊಟ್ಟಿದ್ದೇನೆ. ಗಂಡಂದಿರ ಜೇಬಿನಲ್ಲಿ ಏನೇನು ಸಿಗುತ್ತದೆ ಎಂದು ಹೆಂಡತಿಯರು ಬಂದು ಕೇಳಿದಾಗ, "ನಮ್ಗೆ ಸಿಗೋದು ಬರೀ ಟಿಶ್ಯೂ ಕಣಮ್ಮ" ಎಂದಿದ್ದೇನೆ. ಅಂಥವಳು ಸೊಸೆಯ ಹಾಸಿಗೆಯಲ್ಲಿ ಹೋಗಿ ಮಲಗುತ್ತಾಳೆಯೇ?

ನಿನ್ನ ಫೋನು ಬಾಗಿಲು ತೆರೆಯಿತು ಎಂದಷ್ಟೇ ಹೇಳುತ್ತದೆ. ಯಾರು ತೆರೆದರು ಎಂದು ಹೇಳುವುದಿಲ್ಲ. ಮನೆಗೆಲ್ಲ ಒಂದೇ ನಂಬರು ಇಟ್ಟರೆ ಅದಾದರೂ ಹೇಗೆ ಹೇಳೀತು? ನನ್ನ ಹೆಸರನ್ನು ಸೇರಿಸಿದವಳು ನೀನು. ಆ ನಂಬರ್ ಗೊತ್ತಿದ್ದದ್ದು ನಾಲ್ಕು ಜನಕ್ಕೆ. ನೀನು, ಮಗ ಗಿಚಾನ್, ನಾನು, ನನ್ನ ನಾದಿನಿ. ನಾದಿನಿಗೆ ಮಂಡಿ ನೋವು, ಡೇಜೊನ್ ಬಿಟ್ಟು ಕದಲುವುದಿಲ್ಲ.

ಕದ್ದವರು ಯಾರೋ, ಹೆಸರು ನನ್ನದು. ಇದನ್ನು ಪತ್ತೆ ಮಾಡದೆ ನಾನು ಬಿಡುವವಳಲ್ಲ.

ಬೊಂಗ್‌ಸುನ್

*

ಬುಪ್ಯೊಂಗ್
ಏಪ್ರಿಲ್ 2

ಹೇರಿಮ್,

ನಾನೇ. ಹನ್ನೊಂದು ಸಲವೂ ನಾನೇ. ಹಿಂದಿನ ಕಾಗದದಲ್ಲಿ ಬರೆದದ್ದು ಸುಳ್ಳು. ವಯಸ್ಸಾದವರ ಹಟ ಎಂದುಕೋ. ಅಂಗಡಿ ಮುಚ್ಚಿದ ಮೇಲೆ ಹೊತ್ತು ಹೋಗದೆ ಬಂದು, ಉಂಡು, ಸ್ವಲ್ಪ ಮಲಗಿ ಎದ್ದು ಹೋಗುತ್ತಿದ್ದೆ. ತಪ್ಪಾಯಿತು. ಇನ್ನು ಬರುವುದಿಲ್ಲ.

ಗಿಚಾನ್ ಹತ್ತಿರ ಈ ಮಾತು ಎತ್ತಬೇಡ. ಅವನಿಗೆ ಕೆಲಸದ ಚಿಂತೆಯೇ ಸಾಕಷ್ಟಿರುತ್ತದೆ. ಊಟ ಸರಿಯಾಗಿ ಮಾಡುತ್ತಾನೋ ಇಲ್ಲವೋ ನೋಡು.

ಹೊಸ ನಂಬರ್ ನನಗೆ ಬೇಡ.

ಬೊಂಗ್‌ಸುನ್

*

ಸುವೊನ್
ಏಪ್ರಿಲ್ 11

ಅತ್ತೆ,

ನಿಮ್ಮ ಕಾಗದ ಓದಿ ಮೊದಲು ಸಮಾಧಾನವಾಯಿತು. ನಾನು ಹೇಳಿದ್ದೇ ನಿಜವಾಯಿತಲ್ಲ ಎಂಬ ಸಮಾಧಾನ. ಆಮೇಲೆ ಯಾಕೋ ಮನಸ್ಸು ತಡೆಯಲಿಲ್ಲ. ನಂಬರ್ ಬದಲಾಯಿಸಿದ ಮೇಲೆ ನಾನು ಫೋನಿನ ದಾಖಲೆ ನೋಡುವುದನ್ನೇ ಬಿಟ್ಟಿದ್ದೆ. ಕಳ್ಳ ಸಿಕ್ಕಾಯಿತು, ಇನ್ನೇನು ನೋಡುವುದು ಎಂದು. ಅಂದು ಬಸ್ಸಿನಲ್ಲಿ ತೆಗೆದು ನೋಡಿದೆ.

ಮಾರ್ಚ್ ತಿಂಗಳಲ್ಲಿ, ನಾವಿಬ್ಬರೂ ಹೊರಗಿರುವ ಹೊತ್ತಿನಲ್ಲಿ, ಹದಿನಾಲ್ಕು ಸಲ ಬಾಗಿಲು ತೆರೆದಿದೆ. ಹೊಸ ನಂಬರಿನಲ್ಲಿ. ನಿಮಗೆ ಗೊತ್ತಿಲ್ಲದ ನಂಬರಿನಲ್ಲಿ. ಅದು ಗೊತ್ತಿರುವುದು ಎರಡೇ ಜನಕ್ಕೆ.

ಮೊನ್ನೆ ಮಂಗಳವಾರ ಅರ್ಧ ದಿನ ರಜೆ ಹಾಕಿ ಹನ್ನೆರಡಕ್ಕೆ ಮನೆಗೆ ಬಂದೆ. ಹೊಸ್ತಿಲ ಹತ್ತಿರ ಅವರ ಆಫೀಸಿನ ಶೂ ಇತ್ತು. ಕೋಟು ಕುರ್ಚಿಯ ಬೆನ್ನಿಗೆ ನೀಟಾಗಿ ಹಾಕಿತ್ತು. ಅವರು ನನ್ನ ದಿಂಬಿನ ಮೇಲೆ ಮಗ್ಗುಲಾಗಿ ಮಲಗಿದ್ದರು, ಟೈ ಕೂಡ ಬಿಚ್ಚಿರಲಿಲ್ಲ. ನಾನು ಎಬ್ಬಿಸಲಿಲ್ಲ. ಸದ್ದಾಗದಂತೆ ಹೊರಗೆ ಬಂದು, ಕೆಳಗೆ ಬೇಕರಿಯಲ್ಲಿ ಕೂತು, ಸಂಜೆ ಎಂದಿನ ಹೊತ್ತಿಗೆ ಮೇಲೆ ಹೋದೆ. ಏಳೂವರೆಗೆ ಅವರು ಬಂದರು. "ಉಫ್, ಇವತ್ತು ಮೀಟಿಂಗ್ ಮೇಲ್ ಮೀಟಿಂಗು. ಸಾಕಾಯ್ತು" ಎಂದರು. ನಾನು ಅನ್ನ ಬಡಿಸಿದೆ. ಇವತ್ತು ಬೆಳಗ್ಗೆ ಅವರ ಆಫೀಸಿಗೆ ಫೋನ್ ಮಾಡಿದೆ. ಡಿಸೆಂಬರಿನಲ್ಲೇ ಅವರ ಹೆಸರು ಪಟ್ಟಿಯಿಂದ ಹೋಗಿದೆ ಎಂದರು. ನಾಲ್ಕು ತಿಂಗಳಿಂದ ದಿನಾ ಬೆಳಗ್ಗೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲಿಗೆ ಹೋಗುತ್ತಿದ್ದರು?

ನಿಮಗೆ ಗೊತ್ತಿತ್ತು. ಏಪ್ರಿಲ್ ಎರಡರ ಕಾಗದ ಬರೆಯುವಾಗ ನಿಮಗೆ ಪೂರ್ತಿ ಗೊತ್ತಿತ್ತು. ತಾಯಿ ಮಗ ಸೇರಿ ನನ್ನನ್ನು ಮೂರ್ಖಳನ್ನಾಗಿ ಮಾಡಿದಿರಿ. ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆಯೆಂದರೆ, ಈ ಸಾಲು ಬರೆಯುವಾಗ ಪೆನ್ನು ಕಾಗದವನ್ನು ಹರಿಯುತ್ತಿದೆ.

ಆದರೂ ನಿಮಗೆ ಒಂದು ಸಂಗತಿ ಗೊತ್ತಿರಲಿಕ್ಕಿಲ್ಲ, ಅದನ್ನು ಹೇಳುತ್ತೇನೆ. ಫೆಬ್ರವರಿ ಕೊನೆಯಲ್ಲಿ ನಾನು ಅವರನ್ನು ಕೇಳಿದ್ದೆ, ಮನೆಗೆ ಹಗಲಲ್ಲಿ ಯಾರೋ ಬರುತ್ತಿದ್ದಾರೆ ಎಂದು. ಫೋನಿನ ದಾಖಲೆಯ ವಿಷಯ ಅವರಿಗೆ ತಿಳಿಯದು, ನಾನೂ ಹೇಳಿರಲಿಲ್ಲ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅಮ್ಮನೇ ಇರ್ಬೇಕು ಕಣೆ. ಅವಳ ಸ್ವಭಾವ ನಿಂಗೊತ್ತಲ್ಲ. ನಾನ್ ಹೇಳಿದ್ರೆ ಬೇಜಾರ್ ಮಾಡ್ಕೋತಾಳೆ, ನೀನೇ ನಂಬರ್ ಚೇಂಜ್ ಮಾಡ್ಬಿಡು" ಎಂದರು.

ನಂಬರ್ ಬದಲಾಯಿಸುವ ಉಪಾಯ ನನ್ನದಲ್ಲ, ಅತ್ತೆ. ನಿಮ್ಮ ಮಗನದು.

ನಾಳೆ ಮತ್ತೆ ಬದಲಾಯಿಸುತ್ತೇನೆ. ಈ ಸಲ ಯಾರಿಗೂ ಹೇಳುವುದಿಲ್ಲ.

ಹೇರಿಮ್

*

ಬುಪ್ಯೊಂಗ್
ಏಪ್ರಿಲ್ 22

ಹೇರಿಮ್‌ಗೆ,

ಹನ್ನೆರಡನೇ ತಾರೀಕು ಸಂಜೆ, ನಿಮ್ಮ ಬಾಗಿಲು ತೆರೆಯದೆ, ಗಿಚಾನ್ ಒಂದು ಚೀಲ ಹಿಡಿದು ಇಲ್ಲಿಗೆ ಬಂದ. ನಿನ್ನ ಕಾಗದ ಅವನ ಹಿಂದೆಯೇ ಬಂತು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮಾರ್ಚ್ ಕೊನೆಯಲ್ಲಿ ಒಂದು ದಿನ ನಾನು ಬೆಳಗಿನ ಮೊದಲ ರೈಲಿಗೇ ಸುವೊನ್‌ಗೆ ಬಂದು ನಿಮ್ಮ ಕಟ್ಟಡದ ಎದುರಿನ ಬೆಂಚಿನ ಮೇಲೆ ಕೂತಿದ್ದೆ. ನನ್ನ ಹೆಸರು ಕೆಡಿಸಿದವರನ್ನು ಕೈಯಾರೆ ಹಿಡಿಯಬೇಕೆಂದು. ಆರು ದಾಟಿದ ಮೇಲೆ ನೀನು ಹೋದೆ. ಏಳಕ್ಕೆ ಅವನು ಹೋದ. ಹತ್ತು ಮುಕ್ಕಾಲಿಗೆ ಅವನೇ ವಾಪಸ್ ಬಂದ. ನಾನು ಎದ್ದು ಅವನೆದುರು ನಿಂತೆ. ಮಾತಾಡುವ ಮೊದಲೇ ನನ್ನ ಕಣ್ಣು ಅವನ ಅಂಗಿಯ ತೋಳಿನ ಅಂಚಿಗೆ ಹೋಯಿತು. ದಿನವಿಡೀ ಮೇಜಿಗೆ ಕೈಯೂರಿ ಕೂತವನ ತೋಳು ಅಲ್ಲಿ ಕಪ್ಪಾಗಿರುತ್ತದೆ, ಎಷ್ಟು ಒಗೆದರೂ ಒಂದು ಗೆರೆ ಉಳಿದೇ ಇರುತ್ತದೆ. ಅವನದು ಬೆಳ್ಳಗಿತ್ತು. ತಿಂಗಳುಗಟ್ಟಲೆ ಆಫೀಸು ಕಾಣದ ತೋಳು ಅದು.

ನನ್ನ ಮಗ ಆ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ದಿನಾ ಬೆಟ್ಟದ ಉದ್ಯಾನದಲ್ಲಿ ಸುತ್ತಾಡುತ್ತಾನಂತೆ, ಚಳಿ ತಡೆಯದೆ ಮನೆಗೆ ಬರುತ್ತಾನಂತೆ. "ಹೇರಿಮ್‌ಗೆ ಹೇಳ್ಬೇಡಮ್ಮ. ಒಂದ್ ಕೆಲ್ಸ ಸಿಗ್ಲಿ, ನಾನೇ ಹೇಳ್ತೀನಿ. ಈಗ್ಲೇ ಗೊತ್ತಾದ್ರೆ ಬಿಟ್ಟೇ ಹೋಗ್ತಾಳೆ" ಎಂದ. ಮೂವತ್ತೆಂಟು ವರ್ಷದ ಗಂಡಸು ಹಾಗೆ ಅತ್ತರೆ ಹೆತ್ತವಳು ಏನು ಮಾಡಬೇಕು? ಮನೆಗೆ ಬಂದು ಆ ಕಾಗದ ಬರೆದೆ. ಬರೆಯುವಾಗ ಒಂದು ಗಳಿಗೆಯೂ ನಿನ್ನ ಬಗ್ಗೆ ಯೋಚಿಸಲಿಲ್ಲ. ಹೇಗೂ ನಾನು ಕೆಟ್ಟವಳಾಗಿದ್ದೇನೆ, ಇನ್ನಷ್ಟು ಆದರೆ ಏನು ನಷ್ಟ ಎಂದುಕೊಂಡೆ. ನಷ್ಟ ನಿನಗೆ ಎಂದು ಹೊಳೆಯಲಿಲ್ಲ. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಈ ಸಲ ನಿಜವಾಗಿ ಕೇಳುತ್ತಿದ್ದೇನೆ.

ಆದರೆ ನೀನು ಕೊನೆಗೆ ಬರೆದದ್ದು, ಅದು ನನಗೆ ಗೊತ್ತಿರಲಿಲ್ಲ. ಕಾಗದವನ್ನು ಮೂರು ಸಲ ಓದಿದೆ. ಊಟಕ್ಕೆ ಕೂತಾಗ ಕೇಳಿದೆ.

"ಅಮ್ಮನೇ ಇರ್ಬೇಕು ಅಂದ್ಯಂತೆ, ಹೌದಾ?"

ಅವನು ಅನ್ನದ ಬಟ್ಟಲು ನೋಡುತ್ತಾ ಹೇಳಿದ. "ಆಗ ಬೇರೆ ದಾರಿನೇ ಕಾಣ್ಲಿಲ್ಲಮ್ಮ. ನಿನ್ ಮೇಲಾದ್ರೆ ಏನೂ ಆಗಲ್ಲ ಅನ್ನಿಸ್ತು. ನೀನು ಹೇಗಿದ್ರೂ ತಡ್ಕೋತೀಯಲ್ಲ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಮೇಕೆ ನಾನು. ಅದೂ ಎಂಥ ಮೇಕೆ ನೋಡು. ಒರೆಸಿದ್ದು ಸಾಲದೆಂದು ಬಾಯಿ ಚಪ್ಪರಿಸಿ "ಹೌದು, ನಾನೇ ತಿಂದೆ" ಎಂದು ಕಾಗದ ಬೇರೆ ಬರೆದಿದ್ದೇನೆ.

ಅವನು ಕೆಟ್ಟವನೆಂದು ಹೇಳಲಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಕೆಲಸ ಹೋದದ್ದು ತಪ್ಪಲ್ಲ, ಹೆದರಿದ್ದೂ ತಪ್ಪಲ್ಲ. ಆದರೆ ತಾಯಿ ಬಾಗಿಲ ಹೊರಗೆ ನಿಂತು ಊರವರಿಗೆ ಹೆಸರು ಬರೆಸುತ್ತಿರುವ ದಿನವೂ ಅವನು ಬಾಯಿ ಬಿಡಲಿಲ್ಲವಲ್ಲ, ಅದು ನನ್ನ ಎದೆಯಲ್ಲಿ ಚುಚ್ಚುತ್ತಿದೆ. ಮಗನ ಮೇಲೆ ಇಷ್ಟು ಸಿಟ್ಟು ಅವನು ಹುಟ್ಟಿದಂದಿನಿಂದ ನನಗೆ ಬಂದಿರಲಿಲ್ಲ. ಬಟ್ಟಲು ಎತ್ತಿಕೊಂಡು, "ಏಳು, ಹೊರಡು. ಹೋಗಿ ಅವಳ ಮನೆ ಬೆಲ್ ಒತ್ತು. ತೆಗೆದ್ರೆ ತೆಗೀತಾಳೆ, ಇಲ್ದಿದ್ರೆ ಇಲ್ಲ" ಎಂದೆ.

ಅವನು ಹೋದ. ಸ್ಟೇಷನ್ ಹತ್ತಿರ, ದುಡ್ಡು ಕೊಟ್ಟರೆ ರಾತ್ರಿ ತಂಗಲು ಬಿಡುವ ಬಿಸಿನೀರಿನ ಸ್ನಾನದ ಮನೆಯಲ್ಲಿ ಮಲಗುತ್ತಿದ್ದಾನೆಂದು ಪಕ್ಕದ ಅಂಗಡಿಯವರು ಹೇಳಿದರು. ಇದು ಶಿಫಾರಸು ಪತ್ರವಲ್ಲ. ನೀನು ತೆಗೆಯದಿದ್ದರೆ ಯಾಕೆ ತೆಗೆಯಲಿಲ್ಲ ಎಂದು ಕೇಳುವವಳೂ ನಾನಲ್ಲ.

ಬೊಂಗ್‌ಸುನ್

*

ಸುವೊನ್
ಜೂನ್ 10

ಅತ್ತೆಯವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಹೇಳಲು ಏನಾದರೂ ನಿಶ್ಚಯವಾಗಲಿ ಎಂದು ಕಾಯುತ್ತಿದ್ದೆ.

ಅವರು ಮೊದಲು ಬಂದದ್ದು ಏಪ್ರಿಲ್ ಇಪ್ಪತ್ತೇಳು, ಶನಿವಾರ ಮಧ್ಯಾಹ್ನ. ಬೆಲ್ ಒತ್ತಿದರು. ಬಾಗಿಲ ಹೊರಗಿನದನ್ನು ತೋರಿಸುವ ಗೋಡೆಯ ಕ್ಯಾಮೆರಾ ಪರದೆಯಲ್ಲಿ ಮುಖ ಕಂಡಿತು, ಗಡ್ಡ ಬಿಟ್ಟಿದ್ದರು.

"ಬಾಗ್ಲು ತೆಗಿ ಹೇರಿಮ್. ಒಳಗೆ ಬಂದು ಎಲ್ಲಾ ಹೇಳ್ತೀನಿ."

"ಅಲ್ಲೇ ಹೇಳಿ."

"ಇಲ್ಲೇನಾ? ಜನ ಓಡಾಡ್ತಿದಾರೆ."

"ನಿಮ್ಮಮ್ಮ ನಿಂತಿದ್ದಾಗ್ಲೂ ಓಡಾಡ್ತಿದ್ರು."

ಹೊರಟುಹೋದರು. ಮುಂದಿನ ಶನಿವಾರ ಬಂದು ಬೆಲ್ ಒತ್ತದೆ ಹಾಗೇ ನಿಂತಿದ್ದು ವಾಪಸ್ ಹೋದದ್ದನ್ನು ಪರದೆಯಲ್ಲಿ ಕಂಡೆ. ಅದರ ಮುಂದಿನ ಶನಿವಾರ ಬರಲೇ ಇಲ್ಲ. ಅಂದು ನಾನು ಮೂರು ಸಲ ಆ ಪರದೆ ಆನ್ ಮಾಡಿ ನೋಡಿದೆ, ಅದನ್ನೂ ನಿಮಗೆ ಹೇಳಿಬಿಡುತ್ತೇನೆ.

ಮೇ ಹದಿನೆಂಟಕ್ಕೆ ಬಂದರು. ಬೆಲ್ ಒತ್ತಿ, ನಾನು ಏನೂ ಕೇಳುವ ಮೊದಲೇ, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಗಟ್ಟಿಯಾಗಿ ಶುರು ಮಾಡಿದರು. "ಡಿಸೆಂಬರಲ್ಲಿ ನನ್ ಕೆಲ್ಸ ಹೋಯ್ತು. ನಿಂಗೆ ಹೇಳೋಕೆ ಹೆದ್ರಿಕೆ ಆಯ್ತು. ಹಗಲಲ್ಲಿ ಬಂದು ಮಲಗ್ತಿದ್ದಿದ್ದು ನಾನು. ಅನ್ನ ತಿಂದಿದ್ದೂ ನಾನು. ಅಮ್ಮ ಅಲ್ಲ. ಅಮ್ಮನ ಮೇಲೆ ಹಾಕಿದ್ದೂ ನಾನೇ." ಎದುರು ಮನೆಯಾಕೆ ಬಾಗಿಲು ತೆಗೆದು ನಿಂತಿದ್ದಳು. ಅವರು ತಿರುಗಿ ಅವಳಿಗೂ ತಲೆಬಾಗಿ, "ಮಾರ್ಚಲ್ಲಿ ಇಲ್ಲಿ ನಿಂತಿದ್ದೋರು ನಮ್ಮಮ್ಮ. ಇದು ಅವ್ರ ಮಗನ ಮನೆನೇ" ಎಂದರು. ನಾನು ಬಾಗಿಲು ತೆಗೆದೆ.

ತೆಗೆದಿದ್ದೇನೆ, ಅಷ್ಟೇ. ಕ್ಷಮಿಸಿಲ್ಲ. ಅವರು ಈಗ ನಸುಕಿನಲ್ಲಿ ಮನೆಮನೆಗೆ ತರಕಾರಿ ಕಳಿಸುವ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾರೆ. ಅಂಗಿಯ ತೋಳು ಕಪ್ಪಾಗುತ್ತಿದೆ. ನಂಬರ್ ಅವರಿಗೆ ಕೊಟ್ಟಿಲ್ಲ. ನಾನು ಮನೆಯಲ್ಲಿದ್ದರೆ ಬೆಲ್ ಒತ್ತುತ್ತಾರೆ, ಇಲ್ಲದಿದ್ದರೆ ಕೆಳಗೆ ಬೇಕರಿಯಲ್ಲಿ ಕಾಯುತ್ತಾರೆ. ಬೇಕರಿಯವಳು ನನ್ನನ್ನು ರಾಕ್ಷಸಿ ಎಂದುಕೊಂಡಿರಬೇಕು. ನಾಲ್ಕು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿ ಎದ್ದವರು ನನಗೆ ಯಾಕೆ ಅಷ್ಟು ಹೆದರಿದರು ಎಂದು ದಿನಾ ಯೋಚಿಸುತ್ತೇನೆ. ಬಾಗಿಲು ತೆರೆದ ನಿಮಿಷವನ್ನೂ ತಿಳಿಸುವ ಫೋನು ನನ್ನ ಕೈಯಲ್ಲಿತ್ತು, ಹಾಗಾಗಿ ಅವರ ಮುಖ ನೋಡುವ ಕೆಲಸ ನಾನು ಬಿಟ್ಟಿದ್ದೆನೋ ಏನೋ.

ಈಗ ಮಂಗಳವಾರ ನನಗೆ ರಜೆ. ಬನ್ನಿ. ಬೆಲ್ ಒತ್ತಿ, ನಾನೇ ತೆಗೆಯುತ್ತೇನೆ.

ನಂಬರ್ ಮಾತ್ರ ನಿಮಗೂ ಕೊಡುವುದಿಲ್ಲ, ಅತ್ತೆ. ಕೊಟ್ಟರೆ ಅವರಿಗೆ ಹೇಳಿಬಿಡುತ್ತೀರಿ. ಇಲ್ಲವೆಂದು ಮಾವನವರ ಮೇಲೆ ಆಣೆ ಇಟ್ಟರೂ ನಾನು ನಂಬುವುದಿಲ್ಲ. ಅವರಿಗೆ ಜ್ವರ ಬಂದರೆ ಹೇಳುತ್ತೀರಿ, ಚಳಿಯಲ್ಲಿ ನಿಂತಿದ್ದರೆ ಹೇಳುತ್ತೀರಿ, "ಹಸಿವಾಗ್ತಿದೆ ಅಮ್ಮ" ಎಂದರೆ ಅಷ್ಟೇ ಸಾಕು, ಹೇಳುತ್ತೀರಿ. ಏಪ್ರಿಲ್ ಎರಡರ ಆ ಸುಳ್ಳು ಕಾಗದವನ್ನು ನಾನು ಹರಿಯಲಿಲ್ಲ, ಇಟ್ಟುಕೊಂಡಿದ್ದೇನೆ. ತೆಗೆದು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ನನಗಾಗಿ ಅಂಥ ಸುಳ್ಳು ಬರೆಯುವವರು ಯಾರೂ ಇಲ್ಲ.

ತಮ್ಮ ಸೊಸೆ,
ಹೇರಿಮ್